ಸಾರಿದ ಮೇಲಿನ ಒಗ್ಗರಣೆ

ಬಾಗಲಗುಂಟೆ
17 ಏಪ್ರಿಲ್ 2025

ಹೇಮಕ್ಕ,

ಕಾಗದ ಬಂತೆಂದು ಗಾಬರಿ ಬೀಳಬೇಡ. ಯಾರೂ ಸತ್ತಿಲ್ಲ. ಫೋನಿನಲ್ಲಿ ಎಷ್ಟು ಕೂಗಿದರೂ ನಿನಗೆ ಕೇಳುವುದಿಲ್ಲ, ಪೀಣ್ಯದ ಆ ಪ್ರೆಸ್ ಶಾಪಿನ ಮಷಿನ್ ಸದ್ದು ನಿನ್ನ ಎರಡೂ ಕಿವಿ ತಿಂದು ಹಾಕಿತು. ಇಷ್ಟು ದಿನ ವಾಟ್ಸಾಪ್‌ನಲ್ಲಿ ಬರೆದುಕೊಂಡು ಹಾಯಾಗಿದ್ದೆವು, ಈಗ ಅದಕ್ಕೂ ಕಲ್ಲು ಬಿತ್ತು. ಊರಿನವರು ಯಾರೂ ಫೋನಿನಲ್ಲಿ ಒಂದಕ್ಷರ ಬರೆಯಕೂಡದು, ಇದ್ದದ್ದನ್ನೂ ಅಳಿಸಿ ಎಂದು ಲಾಯರ್ ಹೇಳಿದ್ದಾರಂತೆ. ನಮ್ಮ ಮನೆಯವರು ನನ್ನ ಫೋನ್ ಕಿತ್ತುಕೊಂಡು ತಾವೇ ಎಲ್ಲ ಅಳಿಸಿದರು. ನೀನು ಕಳಿಸಿದ್ದ ಮೊಮ್ಮಗಳ ಫೋಟೋ ಕೂಡ ಹೋಯಿತು.

ನಡೆದದ್ದು ಇಷ್ಟು. ನಮ್ಮೂರ ಮಾರಮ್ಮನ ಹಬ್ಬ ಎಂದರೆ ಏನೆಂದು ಎಂಟು ವರ್ಷ ನಮ್ಮ ಮೇಲಿನ ರೂಮಿನಲ್ಲಿದ್ದ ನಿನಗೆ ಹೇಳಿಕೊಡಬೇಕಾಗಿಲ್ಲ. ತಮಟೆ ಹೊಡೆದು ಹಬ್ಬ ಸಾರಿದ ಮೇಲೆ ಅದು ಮುಗಿಯುವವರೆಗೂ ಊರಲ್ಲಿ ಯಾರ ಮನೆಯಲ್ಲೂ ಒಗ್ಗರಣೆ ಹಾಕುವಂತಿಲ್ಲ. ಆ ಚಟಪಟ ಕೇಳಿದರೆ, ಆ ಘಾಟು ತಗುಲಿದರೆ ಅಮ್ಮ ಸಿಟ್ಟಿಗೇಳುತ್ತಾಳೆ. ಈ ಸಲ ಮಂಗಳವಾರ ಸಾರಿದರು. ಶುಕ್ರವಾರ ಮಧ್ಯಾಹ್ನ ಪಕ್ಕದ ಮನೆ ಚಿಕ್ಕಬೈರಪ್ಪ ಗಲ್ಲಿಯಲ್ಲಿ ಬರುತ್ತಿದ್ದಾಗ ಸಾಸಿವೆ ಸಿಡಿದ ವಾಸನೆ ಮೂಗಿಗೆ ಹೊಡೆಯಿತು. ನೀನು ಖಾಲಿ ಮಾಡಿದ ರೂಮಿಗೆ ಬಂದಿದ್ದರಲ್ಲ, ಒಡಿಶಾದ ಗಂಡ ಹೆಂಡತಿ ಪ್ರಫುಲ್ಲ, ಮಿನತಿ, ಅವರೇ ಹಾಕಿದ್ದು. ಮಾರನೆಯ ದಿನ ಚಿಕ್ಕಬೈರಪ್ಪನ ಮೊಮ್ಮಗನಿಗೆ ಮೈಮೇಲೆ ಗುಳ್ಳೆಗುಳ್ಳೆಯಾಗಿ ಅಮ್ಮ ಎದ್ದಳು. ಇನ್ನು ಕೇಳಬೇಕೆ?

ಸಂಜೆ ಜನ ಸೇರಿದರು. ಬಾಂಗ್ಲಾದವರು, ಊರು ಹಾಳು ಮಾಡೋಕೆ ಬಂದವರು ಎಂದು ಏನೇನೋ ಕೂಗಿದರು. ಆ ಪ್ರಫುಲ್ಲ ಹೆದರಿ ಓಡಲು ಹೋಗಿ ಮೆಟ್ಟಿಲಿನಿಂದ ಜಾರಿ ಬಿದ್ದ. ಅಡಿಗೆಮನೆ ಪಕ್ಕದ ಆ ಮೆಟ್ಟಿಲಿಗೆ ಕಂಬಿ ಹಾಕಿಸಿ ಎಂದು ನೀನು ನಮ್ಮ ಮಾವನ ಹತ್ತಿರ ಎಷ್ಟು ಸಲ ಜಗಳವಾಡಿದ್ದೆ! ಅವನೀಗ ಆಸ್ಪತ್ರೆಯಲ್ಲಿದ್ದಾನೆ. ಅವಳು ಎಲ್ಲಿಗೆ ಹೋದಳೋ ಗೊತ್ತಿಲ್ಲ.

ನಮ್ಮ ತಪ್ಪೇನೂ ಇಲ್ಲ. ಆದರೂ ಊಟ ಸೇರುತ್ತಿಲ್ಲ. ನೀನು ಬರೆಯುವುದಾದರೆ ಹನುಮಯ್ಯನ ಹಿಟ್ಟಿನ ಮಿಲ್ಲಿನ ವಿಳಾಸಕ್ಕೆ ಬರೆ. ರಾಗಿ ಬೀಸಿಸಲು ಹೋದಾಗ ತೆಗೆದುಕೊಳ್ಳುತ್ತೇನೆ.

ನಿನ್ನ ಶ್ಯಾಮಲಾ


ಬೊಮ್ಮಸಂದ್ರ
22 ಏಪ್ರಿಲ್ 2025

ಶ್ಯಾಮಿ,

ನಿನ್ನ ಕಾಗದ ಓದಿ ಮೂರು ದಿನವಾಯಿತು. ಒಂದೇ ಬೆಂಗಳೂರಿನ ಆ ತುದಿಗೆ ನೀನು, ಈ ತುದಿಗೆ ನಾನು. ನಿನ್ನ ಸುದ್ದಿ ಬರುವುದರೊಳಗೆ ನಿನ್ನ ಊರಿನ ಹಬ್ಬವೇ ಮುಗಿದುಹೋಗಿತ್ತು.

ನಿನಗೆ ನೆನಪಿದೆಯಾ, ನಾವು ರೋಣದಿಂದ ಬಂದ ಮೊದಲ ವರ್ಷ? ನನಗೆ ಹಬ್ಬವೂ ಗೊತ್ತಿಲ್ಲ, ಸಾರುವುದೂ ಗೊತ್ತಿಲ್ಲ. ನನ್ನ ಗಂಡ ಸಂಗಮೇಶನ ಡಬ್ಬಿಗೆಂದು ಬೆಳ್ಳುಳ್ಳಿ ಹಾಕಿ ಜೋರು ಒಗ್ಗರಣೆ ಕೊಟ್ಟಿದ್ದೆ. ಇದೇ ಚಿಕ್ಕಬೈರಪ್ಪ ಆವತ್ತೂ ಹತ್ತು ಜನರನ್ನು ಕಟ್ಟಿಕೊಂಡು ಬಂದಿದ್ದ. "ಯಾವ್ದೋ ಸೀಮೆಯಿಂದ ಬಂದು ಊರ್ಗೆ ಬೆಂಕಿ ಇಕ್ತಾವ್ರೆ" ಎಂದ. ಆಗ ನನ್ನ ಕಿವಿ ಚೆನ್ನಾಗಿತ್ತು, ಎಲ್ಲ ಕೇಳಿಸಿತು. ಬಾಗಿಲ ಹಿಂದೆ ಅಗಳಿ ಹಿಡಿದು ನಿಂತಿದ್ದೆ.

ನಿನ್ನ ಮಾವ ನರಸಪ್ಪನವರು ಮೆಟ್ಟಿಲು ಹತ್ತಿ ಬಂದು ನನ್ನ ಕೈಗೆ ಒಂದು ತೆಂಗಿನಕಾಯಿ, ಒಂದು ಚೊಂಬು ಮೊಸರು ಕೊಟ್ಟರು. "ಬಾ ಮಗ" ಎಂದು ತಾವು ಮುಂದೆ ನಡೆದರು. ಮಾರಮ್ಮನ ಗುಡಿ ಮುಂದೆ ನಿಂತು, "ನಮ್ಮನೆ ಮಗ್ಳು ತಿಳೀದೆ ತಪ್ಪು ಮಾಡವ್ಳೆ, ತಣ್ಣಗಾಗವ್ವ" ಎಂದರು. ಅಷ್ಟೇ. ವಾಪಸ್ ಬರುವಾಗ ಅತ್ತ ಇತ್ತ ನೋಡಿ, "ಅಬ್ಬ ಕಳೀಲಿ, ಆ ಒಗ್ಗರಣೇನ ನಂಗೂ ಒಸಿ ಮಾಡ್ಕೊಡು" ಎಂದರು. ಅಂತಹ ಮನುಷ್ಯ ಕಟ್ಟಿಸಿದ ಮೆಟ್ಟಿಲಿನಿಂದ ಒಬ್ಬ ಬಿದ್ದ ಎಂದು ಓದಿ ಸಂಕಟವಾಯಿತು.

ನನಗೆ ಒಂದು ಮಾತು ತಿಳಿಯಲಿಲ್ಲ. ಮೇಲಿನ ರೂಮಿನ ಕಿಟಕಿ ಇರುವುದು ಹಿಂದಿನ ಗೋಡೆಗೆ, ಅದರಾಚೆ ಗೋದಾಮು. ಗಲ್ಲಿ ಕಡೆ ಇರುವ ಅಡಿಗೆಮನೆ ಕಿಟಕಿ ನಿನ್ನದೊಂದೇ. ಮೇಲೆ ಹಾಕಿದ ಒಗ್ಗರಣೆ ಕೆಳಗೆ ಗಲ್ಲಿಯಲ್ಲಿ ಹೋಗುವವನಿಗೆ ಹೇಗೆ ಬಡಿಯಿತು? ಮತ್ತೆ, ಮೈಮೇಲೆ ಅಮ್ಮ ಒಂದೇ ದಿನದಲ್ಲಿ ಬರುತ್ತಾಳಾ? ಅವನು ತಾನಾಗಿ ಜಾರಿದ್ದನ್ನು ನೀನು ಕಣ್ಣಾರೆ ಕಂಡೆಯಾ?

ಸಿಟ್ಟಾಗಬೇಡ. ಕಿವಿ ಹೋದ ಮೇಲೆ ನನಗೆ ಪ್ರಶ್ನೆ ಜಾಸ್ತಿ.

ಹೇಮಕ್ಕ


ಬಾಗಲಗುಂಟೆ
27 ಏಪ್ರಿಲ್ 2025

ಹೇಮಕ್ಕ,

ಸಿಟ್ಟಾಗಬೇಡ ಎಂದು ಬರೆದು ಸಿಟ್ಟು ಬರುವಂಥದ್ದನ್ನೇ ಕೇಳಿದ್ದೀಯ. ಗಾಳಿ ಎತ್ತಲಿಂದ ಎತ್ತ ಬೀಸುತ್ತದೆ ಎಂದು ನಾನೇನು ಕಾವಲು ಕಾಯುತ್ತೇನಾ? ಕುಂಬಳಕಾಯಿ ಕಳ್ಳ ಎಂದರೆ ನಾನೇಕೆ ಹೆಗಲು ಮುಟ್ಟಿ ನೋಡಿಕೊಳ್ಳಲಿ?

ನಮ್ಮ ಮಾವನ ಕಾಲ ಬೇರೆ. ಆಗ ಹೊರಗಿನವರು ಎಂದರೆ ನೀನೊಬ್ಬಳು, ನಿನ್ನ ಗಂಡ ಒಬ್ಬ. ಈಗ ನೋಡು ಬಾ. ಹಬ್ಬದ ವಂತಿಗೆ ಎತ್ತಲು ಹೋದರೆ ಬಾಗಿಲು ತೆಗೆದವರಿಗೆ ನಮ್ಮ ಮಾತು ಬರುವುದಿಲ್ಲ. ತಮಟೆ ಕೇಳಿ ಯಾರ ಮದುವೆ ಎಂದು ಕೇಳುತ್ತಾರೆ. ಮೊನ್ನೆ ನಮ್ಮ ಅತ್ತೆ ಚಿಕ್ಕಮುನಿಯಮ್ಮನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಗಾಜಿನ ಆಚೆ ಕುಳಿತ ಹುಡುಗಿ ಹಿಂದಿಯಲ್ಲಿ ಏನೋ ಗದರಿದಳು. ಆ ಬ್ಯಾಂಕ್ ನಿಂತಿರುವುದೇ ನಮ್ಮ ಅತ್ತೆ ರಾಗಿ ಬಿತ್ತಿದ ನೆಲದಲ್ಲಿ, ಹೇಮಕ್ಕ. ಅವರು ಈಚೆ ಬಂದು ಮೆಟ್ಟಿಲ ಮೇಲೆ ಕುಳಿತು, "ನಮ್ಮೂರಾಗೆ ನಾವೇ ಪರದೇಸಿಗಳಾದ್ವಲ್ಲೇ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ನಮ್ಮ ಮನೆಯವರ ಕಥೆ ನಿನಗೆ ಗೊತ್ತು. ಹದಿನಾರು ವರ್ಷ ಒಂದೇ ಕಂಪನಿಯಲ್ಲಿ ಲೇತ್ ಮೇಲೆ ನಿಂತವರು. ಎಲ್ಲ ಕಾಂಟ್ರಾಕ್ಟ್ ಆಯಿತೆಂದು ಮನೆಗೆ ಕಳಿಸಿದರು. ಈಗ ಆ ಮಷಿನ್ ಮೇಲೆ ಒಡಿಶಾದ ಹುಡುಗ ನಿಂತಿದ್ದಾನೆ. ಕಡಿಮೆ ಸಂಬಳಕ್ಕೆ ಹೆಚ್ಚು ಹೊತ್ತು ದುಡಿಯುತ್ತಾನೆ, ಯೂನಿಯನ್ ಎನ್ನುವುದಿಲ್ಲ. ಇವರು ದಿನಾ ಜಗಲಿ ಮೇಲೆ ಕುಳಿತು, ಶಿಫ್ಟಿಗೆ ಹೋಗುವ ಆ ಹುಡುಗರನ್ನು ನೋಡುತ್ತಾರೆ. ನಮ್ಮ ಒಂಬತ್ತು ರೂಮಿನಲ್ಲೂ ಅವರೇ ಬಾಡಿಗೆಗೆ ಇರುವುದು, ಅವರ ಬಾಡಿಗೆಯಲ್ಲೇ ನಮ್ಮ ಮುದ್ದೆ ಬೇಯುವುದು. ಅದೂ ಒಂದು ಉರಿ. ನಿಮ್ಮ ಕಡೆಯವರಾಗಿದ್ದರೆ ಏನು ಮಾಡುತ್ತಿದ್ದರು?

ಪೊಲೀಸರು ವಠಾರದವರ ಹೇಳಿಕೆ ತೆಗೆದುಕೊಳ್ಳಲು ಬರುತ್ತಾರಂತೆ. ಎಲ್ಲರೂ ಒಂದೇ ಮಾತು ಹೇಳಬೇಕು, ಓಡಿದ, ಜಾರಿದ, ಬಿದ್ದ ಎಂದು ಚಿಕ್ಕಬೈರಪ್ಪನ ಮನೆಯಲ್ಲಿ ತೀರ್ಮಾನವಾಗಿದೆ. ನಾನೂ ಅದನ್ನೇ ಹೇಳಬೇಕು. ವಠಾರದವರಲ್ಲಿ ಮೆಟ್ಟಿಲ ಬುಡದಲ್ಲಿದ್ದವಳು ನಾನೊಬ್ಬಳೇ ನೋಡು, ನನ್ನ ಮಾತಿಗೆ ತೂಕ ಜಾಸ್ತಿಯಂತೆ.

ಮಿನತಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದಳು. ಹಬ್ಬ ಸಾರಿದ ದಿನವೇ ಕಟ್ಟಿದ್ದು. ಒಣಗಿ ನೇತಾಡುತ್ತಿದೆ. ನಾನು ತೆಗೆಯಲಿಲ್ಲ.

ಶ್ಯಾಮಲಾ


ಬೊಮ್ಮಸಂದ್ರ
3 ಮೇ 2025

ಶ್ಯಾಮಿ,

ಇನ್ನು ನಿನ್ನಿಂದ ಮುಚ್ಚಿಡುವುದು ನನ್ನಿಂದಾಗದು. ಮಿನತಿ ನನ್ನ ಮನೆಯಲ್ಲಿದ್ದಾಳೆ.

ನಿನ್ನ ಮೊದಲ ಕಾಗದ ಬರುವ ಮೊದಲೇ ಬಂದಿದ್ದಳು. ರೂಮು ಬಿಡುವಾಗ ನಾನು ಬರೆದುಕೊಟ್ಟಿದ್ದ ವಿಳಾಸ ಹಿಡಿದು, ಮೂರು ಬಸ್ ಬದಲಿಸಿ, ಒಂದು ಕೈಚೀಲದೊಂದಿಗೆ ಬಾಗಿಲಲ್ಲಿ ನಿಂತಿದ್ದಳು. ನೀನು ಏನು ಬರೆಯುತ್ತೀಯೋ ನೋಡೋಣ ಎಂದು ನಾನು ಹೇಳದೇ ಇದ್ದೆ. ಅದು ಸರಿಯಲ್ಲ ಎಂದು ಗೊತ್ತಿದ್ದೇ ಮಾಡಿದೆ.

ಪ್ರಫುಲ್ಲನಿಗೆ ಸೊಂಟದ ಹತ್ತಿರ ಬೆನ್ನುಮೂಳೆ ಮುರಿದಿದೆ. ಕಾಲಿಗೆ ಸೂಜಿ ಚುಚ್ಚಿದರೂ ಗೊತ್ತಾಗುತ್ತಿಲ್ಲ. ಇವಳು ದಿನಾ ಬೆಳಗ್ಗೆ ಗಂಜಿ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ ಸಂಜೆ ಬರುತ್ತಾಳೆ.

ಅವಳ ತುಟಿ ನೋಡಿ ಅವಳ ಅರೆಬರೆ ಕನ್ನಡ ತಿಳಿಯುವುದಕ್ಕೆ ನನಗೆ ಎರಡು ದಿನ ಹಿಡಿಯಿತು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಅಜ್ಜಿ ಹೇಳಿತ್ತು ಒಗ್ಗರಣೆ ಬೇಡ. ನಮ್ಮ ಊರಲ್ಲೂ ಠಾಕುರಾಣಿ ಇದೆ, ಊರ ಅಮ್ಮ. ಅವಳಿಗೂ ತಣ್ಣಗೆ ಬೇಕು. ನಾವು ಒಲೆ ಹಚ್ಚಿ ಅನ್ನ ಮಾಡಿ, ನೀರು ಹಾಕಿ ಇಟ್ಟಿತು. ಈರುಳ್ಳಿ, ಉಪ್ಪು, ಮೆಣಸಿನಕಾಯಿ. ಅದೇ ತಿಂದಿತು, ಎಲ್ಲ ದಿನ." ಅಜ್ಜಿ ಎಂದರೆ ನಿನ್ನ ಅತ್ತೆ. ಇದನ್ನು ಹೇಳಿ ಅವಳು ಮಾರಮ್ಮನ ಹೆಸರಿನಲ್ಲಿ ಮೂರು ಸಲ ಕೆನ್ನೆ ಮುಟ್ಟಿಕೊಂಡಳು. ನಿಮ್ಮ ಊರಿನವರಿಗಿಂತ ಗಟ್ಟಿಯಾಗಿ ನಿಮ್ಮ ಹಬ್ಬ ಹಿಡಿದವಳು ಇವಳು, ಶ್ಯಾಮಿ.

ತನ್ನ ಗಂಡ ಜಾರಲಿಲ್ಲ, ಮೇಲಿನ ಮೆಟ್ಟಿಲ ಮೇಲೆ ನಿನ್ನ ಗಂಡ ದೇವರಾಜ್ ಅವನ ಕಾಲರ್ ಹಿಡಿದು ಎಳೆದ ಎನ್ನುತ್ತಾಳೆ. ಸ್ಟೇಷನ್ನಿನಲ್ಲಿ ಹೇಳಿದಳಂತೆ. ಅವರು ಜಾರಿದ ಎಂದೇ ಬರೆದುಕೊಂಡರು. ವಠಾರದವರು ಒಬ್ಬರಾದರೂ ಹೇಳಿದರೆ ನೋಡೋಣ ಎಂದರಂತೆ. ಆ ಒಬ್ಬರು ಯಾರೆಂದು ನಿನ್ನ ಹಿಂದಿನ ಕಾಗದದಲ್ಲಿ ನೀನೇ ಬರೆದಿದ್ದೀಯ.

ಇಲ್ಲಿಯೂ ಅವಳು ಯಾರು ಎಂದು ಜನ ಕೇಳುತ್ತಾರೆ. ಕಲಬುರಗಿ ಕಡೆಯ ನಾದಿನಿ ಎಂದು ಮನೆ ಓನರ್‌ಗೆ ಹೇಳಿದ್ದೇನೆ. "ಹೊರಗ ಬಾಯಿ ಬಿಡಬ್ಯಾಡವಾ" ಎಂದು ಅವಳಿಗೆ ತಾಕೀತು ಮಾಡಿದ್ದೇನೆ. ನಮ್ಮ ಕಡೆ ಒಂದು ಮಾತಿದೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು. ನಿನ್ನ ಗಂಡನ ನೌಕರಿ ಕಿತ್ತುಕೊಂಡವನು ಕಾರಿನಲ್ಲಿ ಓಡಾಡುತ್ತಾನೆ, ಮೆಟ್ಟಿಲಿನಿಂದ ಬಿದ್ದವನು ಪ್ರಫುಲ್ಲ.

ಒಂದೇ ಕೇಳುತ್ತೇನೆ. ಒಗ್ಗರಣೆ ಯಾರದು?

ಹೇಮಕ್ಕ


ಬಾಗಲಗುಂಟೆ
7 ಮೇ 2025

ಹೇಮಲತಾ ಅವರಿಗೆ,

ನಿಮ್ಮ ಕಾಗದ ತಲುಪಿತು. ನಾನು ಅಕ್ಕ ಎಂದು ನಂಬಿ ಬರೆದದ್ದನ್ನೆಲ್ಲ ಅವಳ ಪಕ್ಕದಲ್ಲಿ ಕುಳಿತು ಓದಿದಿರಿ. ನನ್ನ ಗಂಡನ ಕಥೆ, ನನ್ನ ಅತ್ತೆಯ ಕಣ್ಣೀರು ಎಲ್ಲ ಅವಳಿಗೂ ಓದಿ ಹೇಳಿದಿರೇನೋ. ಪೊಲೀಸಿನವರಾದರೂ ಎದುರಿಗೆ ಬಂದು ಕೇಳುತ್ತಾರೆ.

ನನಗೆ ಬುದ್ಧಿ ಹೇಳುವ ಮೊದಲು ನಿಮ್ಮ ಮನೆ ನೋಡಿಕೊಳ್ಳಿ. ಅವಳು ಒಡಿಶಾದವಳು ಎಂದು ಹೇಳಲು ನಿಮಗೇ ಧೈರ್ಯ ಇಲ್ಲ. ಕಲಬುರಗಿಯ ನಾದಿನಿಯಂತೆ! ಇಲ್ಲಿ ಅವಳನ್ನು ಮೆಟ್ಟಿಲಿಂದ ಇಳಿಸಿದರು, ಅಲ್ಲಿ ನೀವು ಅವಳ ಬಾಯಿ ಹೊಲಿದಿದ್ದೀರಿ. ಯಾರು ಹೆಚ್ಚು, ಯಾರು ಕಡಿಮೆ?

ನನ್ನ ಗಂಡನನ್ನು ನಾನೇ ಜೈಲಿಗೆ ಕಳಿಸಲಾ? ಕಳಿಸಿ ಈ ಊರಿನಲ್ಲಿ ಯಾರ ಮುಖ ನೋಡಿಕೊಂಡು ಬದುಕಲಿ? ನೀವು ಒಂದು ಲಾರಿಗೆ ಸಾಮಾನು ತುಂಬಿಕೊಂಡು ಇನ್ನೊಂದು ಏರಿಯಾಗೆ ಹೋಗುತ್ತೀರಿ. ನನಗೆ ಇರುವುದು ಇದೊಂದೇ ಊರು.

ಪೊಲೀಸರು ನಿನ್ನೆ ಬಂದಿದ್ದರು. ಅವನು ಓಡಿದ, ಜಾರಿದ, ಬಿದ್ದ ಎಂದು ಹೇಳಿ ಸಹಿ ಹಾಕಿದ್ದೇನೆ. ಇನ್ನು ಕಾಗದ ಬರೆಯಬೇಡಿ.

ಶ್ಯಾಮಲಾ ದೇವರಾಜ್


ಬೊಮ್ಮಸಂದ್ರ
21 ಮೇ 2025

ಶ್ಯಾಮಲಾ,

ಬರೆಯಬೇಡ ಎಂದಿದ್ದೀಯ. ಹದಿನೈದು ದಿನ ಬರೆಯಲಿಲ್ಲ. ಈಗ ಬರೆಯುವುದು ನಿನ್ನನ್ನು ಏನೂ ಕೇಳುವುದಕ್ಕಲ್ಲ.

ನೀನು ಬೈದದ್ದು ಸರಿಯಾದ ಜಾಗಕ್ಕೇ ತಾಗಿತು. ಅದೇ ದಿನ ಓನರ್ ಮನೆಗೆ ಹೋಗಿ ಹೇಳಿದೆ, "ಆಕಿ ನನ್ನ ನಾದಿನಿ ಅಲ್ರೀ. ಒಡಿಶಾದಾಕಿ. ಗಂಡನ್ನ ಹೊಡದಾರ, ಅದಕ್ಕ ನಮ್ಮನ್ಯಾಗ ಇಟಗೊಂಡೀನಿ." ಓನರ್ ಹೆಂಡತಿ ಒಳಗೆ ಹೋಗಿ ಗಂಡನಿಗೆ ಏನೋ ಹೇಳಿದಳು. ಆಕೆ ಬೆನ್ನು ತಿರುಗಿಸಿದ್ದರಿಂದ ನನಗೆ ತುಟಿ ಕಾಣಲಿಲ್ಲ. ಮರುದಿನ ತಿಳಿಯಿತು, ಮುಂದಿನ ತಿಂಗಳು ನಾವು ಮನೆ ಬಿಡಬೇಕು. ಸಂಗಮೇಶ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ತಾನೇ ಮಿನತಿಯನ್ನು ಬೈಕಿನಲ್ಲಿ ಆಸ್ಪತ್ರೆಗೆ ಬಿಟ್ಟು ಬಂದ.

ಪ್ರಫುಲ್ಲ ಇನ್ನು ನಿಲ್ಲುವುದಿಲ್ಲ ಎಂದು ಡಾಕ್ಟರ್ ಹೇಳಿದರು. ಅವನಿಗೆ ಇನ್ನೂ ಹೇಳಿಲ್ಲ. ತಾನು ಕೆಲಸಕ್ಕಿದ್ದ ಪ್ಲೇಟಿಂಗ್ ಶಾಪಿನವರು ತನ್ನ ಜಾಗ ಹಾಗೇ ಇಟ್ಟಿರುತ್ತಾರಾ ಎಂದು ದಿನಾ ಕೇಳುತ್ತಾನಂತೆ. ಮಿನತಿ ಹೂಂ ಎನ್ನುತ್ತಾಳೆ. ಆಕಸ್ಮಿಕ ಎಂದು ಬರೆದು ಕೇಸು ಮುಚ್ಚುತ್ತಾರೆ ಎಂದು ಸ್ಟೇಷನ್ನಿನಿಂದ ಸುದ್ದಿ ಬಂದಿದೆ.

ನಿನ್ನ ಹೆಸರು ಎತ್ತಿದರೆ ಅವಳು ಎದ್ದು ಹೋಗುತ್ತಾಳೆ. ನಿನ್ನ ಕಾಗದ ನಾನು ಅವಳಿಗೆ ಓದಿ ಹೇಳಿಲ್ಲ, ಅದೊಂದು ನಂಬು. ಅವಳ ಸಾಸಿವೆ ಅರೆಯುವ ಕಲ್ಲು ಆ ರೂಮಿನಲ್ಲೇ ಉಳಿದಿದೆಯಂತೆ, ಅವಳ ತಾಯಿ ಕೊಟ್ಟದ್ದು. ಅದನ್ನು ಎಸೆಯಬೇಡ.

ಹೇಮಲತಾ


ಬಾಗಲಗುಂಟೆ
28 ಮೇ 2025

ಹೇಮಕ್ಕ,

ಒಗ್ಗರಣೆ ನನ್ನದು.

ಬರೆದುಬಿಟ್ಟೆ. ಈಗ ಪೂರ್ತಿ ಕೇಳು.

ಶುಕ್ರವಾರ ಮಧ್ಯಾಹ್ನ ಇವರು ಗುಡಿ ಮುಂದೆ ಚಪ್ಪರ ಹಾಕಿ ಹಸಿದು ಬಂದರು. ಮೂರು ದಿನದಿಂದ ಬರೀ ಮುದ್ದೆ, ಉಪ್ಸಾರು. "ಥೂ, ನಾಲ್ಗೆ ಸತ್ತೋಗಿದೆ. ಒಂದ್ ಸ್ವಲ್ಪ ಅವಲಕ್ಕಿ ಒಗ್ಗರಣೆ ಮಾಡು" ಎಂದರು. ಹಬ್ಬದ ಕಮಿಟಿಯವರು ನೀವೇ ಹೀಗಂದರೆ ಹೇಗೆ ಎಂದೆ. "ಕಿಟಕಿ ಮುಚ್ಚೇ, ಯಾರಿಗ್ ಗೊತ್ತಾಗುತ್ತೆ" ಎಂದು ನಕ್ಕರು. ನಾನೂ ನಕ್ಕೆ. ಅತ್ತೆ ಒಳಗೆ ಮಲಗಿದ್ದರು. ಆ ಕಿಟಕಿ ಪೂರ್ತಿ ಮುಚ್ಚುವುದಿಲ್ಲ, ನಿನಗೆ ಗೊತ್ತು. ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ. ಎಣ್ಣೆ ಚೆನ್ನಾಗಿ ಕಾದಿತ್ತು.

ತಟ್ಟೆಗೆ ಹಾಕಿಕೊಟ್ಟೆ. ಅಷ್ಟರಲ್ಲಿ ಗಲ್ಲಿಯಿಂದ ಚಿಕ್ಕಬೈರಪ್ಪನ ಗಂಟಲು, "ಯಾರ್ ಮನೇಲ್ರೋ ಅದು ಒಗ್ಗರಣೆ?" ಇವರು ತಟ್ಟೆ ಕೆಳಗಿಟ್ಟು, ಬಾಯಿ ಒರೆಸಿಕೊಂಡು ಬಾಗಿಲಿಗೆ ಹೋದರು. "ಮೇಲಿನೋರ್ದು ಕಣ್ ಮಾವ" ಎಂದರು. ಒಳಗೆ ಬಂದು ಮತ್ತೆ ತಟ್ಟೆ ಎತ್ತಿಕೊಂಡರು. ನಾನು ಸೌಟು ಹಿಡಿದು ನಿಂತೇ ಇದ್ದೆ. "ಏನ್ ಅಂಗ್ ನೋಡ್ತೀಯ? ಅವ್ರಿಗೆ ನಮ್ ಭಾಷೇನೇ ಬರಲ್ಲ, ಏನ್ ಹೇಳ್ತಾರೆ?" ಎಂದರು.

ಹೆಚ್ಚೆಂದರೆ ಅವರ ಕೈಯಲ್ಲಿ ಒಂದು ತೆಂಗಿನಕಾಯಿ ಒಡೆಸುತ್ತಾರೆ ಎಂದುಕೊಂಡೆ. ನಿನಗೆ ಹಾಗೇ ಮುಗಿದಿತ್ತಲ್ಲ. ಆದರೆ ಮಾರನೆಯ ದಿನ ಆ ಮಗುವಿಗೆ ಅಮ್ಮ ಬಂದಳು, ಮಾತು ಕೈ ಮೀರಿತು. ಇವರು ಆಗಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಒಂದು ಸಲ ಸುಳ್ಳು ಹೇಳಿದ ಮೇಲೆ ಎಲ್ಲರಿಗಿಂತ ಮುಂದೆ ನಿಲ್ಲಲೇಬೇಕಾಯಿತು, ಎಲ್ಲರಿಗಿಂತ ಜೋರಾಗಿ ಕೂಗಲೇಬೇಕಾಯಿತು. ಬಾಂಗ್ಲಾದವರು ಎಂದು ಮೊದಲು ಕೂಗಿದ್ದೂ ಇವರೇ. ಬಾಡಿಗೆ ಕರಾರಿಗೆ ಅವರ ಆಧಾರ್ ಕಾರ್ಡ್ ಇಸಿದುಕೊಂಡು ಜೆರಾಕ್ಸ್ ಮಾಡಿಸಿದ್ದವರೂ ಇವರೇ. ಕೂಗುತ್ತ ಕೂಗುತ್ತ ಇವರೇ ಅದನ್ನು ನಂಬಿಬಿಟ್ಟರು ಎನಿಸುತ್ತದೆ. ಲೇತ್ ಬಿಟ್ಟ ದಿನದಿಂದ ಒಳಗೆ ಕುದಿಯುತ್ತಿದ್ದದ್ದೆಲ್ಲ ಆ ಸಂಜೆ ಈಚೆ ಬಂತು.

ಪ್ರಫುಲ್ಲ ಮೇಲೆ ನಿಂತು ಕೈ ಮುಗಿಯುತ್ತಿದ್ದ. "ನಾವು ಹಾಕಿಲ್ಲ ಅಣ್ಣ. ಅಕ್ಕನ್ನ ಕೇಳಿ. ಅಕ್ಕನ್ನ ಕೇಳಿ" ಎಂದು ನನ್ನ ಕಡೆ ಬೆರಳು ತೋರಿಸಿದ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆಮೇಲೆ ನಡೆದದ್ದನ್ನು ಅದೇ ಕಿಟಕಿಯ ಸಂದಿಯಿಂದ ನೋಡಿದೆ. ಇವರು ಹತ್ತಿಹೋಗಿ ಕಾಲರ್ ಹಿಡಿದು ಎಳೆದರು. ಬಿದ್ದ ಸದ್ದು ಕಿವಿ ಹೋದ ನಿನಗೂ ಕೇಳಿಸುತ್ತಿತ್ತು.

ಅವನು ನಿಲ್ಲುವುದಿಲ್ಲ ಎಂದು ನೀನು ಬರೆದದ್ದನ್ನು ಹನುಮಯ್ಯನ ಮಿಲ್ಲಿನಲ್ಲಿ ನಿಂತೇ ಓದಿದೆ. ರಾಗಿ ಚೀಲ ಅಲ್ಲೇ ಬಿಟ್ಟು ಬಂದೆ. ಹೆದರಿಕೆಯಾಗುತ್ತಿದೆ ಹೇಮಕ್ಕ. ಇವರು ಕೆಟ್ಟವರಲ್ಲ, ನನ್ನನ್ನು ಒಂದು ದಿನವೂ ಹೊಡೆದವರಲ್ಲ. ಅದಕ್ಕೇ ಇನ್ನೂ ಹೆದರಿಕೆ.

ಶ್ಯಾಮಿ


ಬೊಮ್ಮಸಂದ್ರ
1 ಜೂನ್ 2025

ಶ್ಯಾಮಿ,

ನಿನ್ನ ಕಾಗದ ಹಿಡಿದು ನೇರ ಸ್ಟೇಷನ್ನಿಗೆ ಹೋಗೋಣ ಎಂದ ಸಂಗಮೇಶ. ನಾನು ಬೇಡ ಎಂದೆ. ಇದು ನೀನು ನಿನ್ನ ಬಾಯಿಂದ ಹೇಳಬೇಕಾದ ಮಾತು. ಹೇಳದೇ ಹೋದರೆ ನಾನೇನು ಮಾಡುತ್ತೇನೋ ನನಗೇ ತಿಳಿಯದು.

ಮಿನತಿಗೆ ಹೇಳಿದೆ, ಒಗ್ಗರಣೆ ಶ್ಯಾಮಲಾಂದು ಎಂದು. ಅವಳು ಅಳಲಿಲ್ಲ. "ನನಗೆ ಗೊತ್ತು. ವಾಸನೆ ನಮಗೂ ಬಂತು. ನಾವು ಬಾಗಿಲು ಮುಚ್ಚಿತು, ಅಕ್ಕನ ಮಾನ ಹೋಗುತ್ತೆ ಅಂತ" ಎಂದಳು.



ಹೇಮಕ್ಕ


ಬಾಗಲಗುಂಟೆ
26 ಜೂನ್ 2025

ಹೇಮಕ್ಕ,

ನಿನ್ನ ಕೊನೆಯ ಕಾಗದದ ಆ ಒಂದು ಮಾತು ನನ್ನನ್ನು ಮಲಗಲು ಬಿಡಲಿಲ್ಲ. ನನ್ನ ಮಾನ ಕಾಯಲು ಅವರು ಬಾಗಿಲು ಮುಚ್ಚಿದರು. ನಾನೂ ಬಾಗಿಲು ಮುಚ್ಚಿದೆ.

ಕಾಗದ ಬಂದ ಮೇಲಿನ ಮಂಗಳವಾರ ಒಂದು ತೆಂಗಿನಕಾಯಿ, ಒಂದು ಚೊಂಬು ಮೊಸರು ತೆಗೆದುಕೊಂಡು ಗುಡಿಗೆ ಹೋದೆ. ಮುಂದೆ ನಡೆಯಲು ನಮ್ಮ ಮಾವ ಇರಲಿಲ್ಲ, ಒಬ್ಬಳೇ ಹೋದೆ. ವಾರದ ಪೂಜೆಗೆ ಜನ ಇದ್ದರು. ಎಲ್ಲರಿಗೂ ಕೇಳುವ ಹಾಗೆ, "ಸಾರಿದ ಮೇಲೆ ಒಗ್ಗರಣೆ ಹಾಕಿದ್ದು ನಾನು. ಮೇಲಿನೋರಲ್ಲ. ತಣ್ಣಗಾಗವ್ವ" ಎಂದೆ. ಪೂಜಾರಿ ಕಾಯಿ ಒಡೆಯಲೋ ಬೇಡವೋ ಎಂದು ಚಿಕ್ಕಬೈರಪ್ಪನ ಮುಖ ನೋಡಿದ. ಚಿಕ್ಕಬೈರಪ್ಪ, "ಗಂಡ ಯೆಂಡ್ತಿ ಜಗಳ ಮನೇಲ್ ಇಟ್ಕಳಮ್ಮ, ಗುಡೀಗ್ ತರಬ್ಯಾಡ" ಎಂದರು. ನಾನೇ ಕಲ್ಲಿಗೆ ಕುಕ್ಕಿ ಒಡೆದೆ. ಮೊಸರು ಸುರಿದು, ಅಲ್ಲಿಂದಲೇ ಸ್ಟೇಷನ್ನಿಗೆ ಹೋದೆ.

ತುಂಬ ಹೊತ್ತು ಕೂರಿಸಿದರು. ಮೊದಲು ಸಹಿ ಹಾಕಿದ್ದು ಸುಳ್ಳಾ ಎಂದು ಗದರಿದರು. ಸುಳ್ಳು ಎಂದೆ. ನಿಮ್ಮ ಮೇಲೂ ಕೇಸ್ ಆಗಬಹುದು ಎಂದರು. ಆಗಲಿ ಎಂದೆ. ಎಲ್ಲ ಬರೆದುಕೊಂಡರು. ಕೆಳಗೆ ನನ್ನ ಹೆಸರು ಬರೆಯುವ ಮೊದಲು ಎಲ್ಲ ಓದಿ ನೋಡಿದೆ, ಸುಳ್ಳಿಗೆ ಸಹಿ ಹಾಕುವಾಗ ಓದಿರಲಿಲ್ಲ.

ದೇವರಾಜ್‌ನನ್ನು ಕರೆದುಕೊಂಡು ಹೋದರು. ವಾರದ ಮೇಲೆ ಜಾಮೀನಿನ ಮೇಲೆ ಬಂದ. ಇಷ್ಟು ವರ್ಷ ಇವರು ಎನ್ನುತ್ತಿದ್ದವಳು ಈಗ ಹೆಸರು ಹಿಡಿದು ಬರೆಯುತ್ತಿದ್ದೇನೆ, ಕೈಗೆ ಇನ್ನೂ ಅಭ್ಯಾಸವಾಗಿಲ್ಲ. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ನನ್ನನ್ನು ದಾಟಿಕೊಂಡು ಒಳಗೆ ಹೋದ. ಅತ್ತೆ ನನ್ನ ಟ್ರಂಕು, ಚಾಪೆ ತಂದು ಮೆಟ್ಟಿಲ ಮೇಲಿಟ್ಟರು. "ನನ್ ಮಗನ್ನ ಇಡ್ಕೊಟ್ಟೋಳ ಕೈನಾಗೆ ನಾನ್ ನೀರೂ ಕುಡಿಯಾಕಿಲ್ಲ. ಮೇಲ್ ಓಗು" ಎಂದರು.

ಹಾಗಾಗಿ ಈಗ ನಾನು ನಿನ್ನ ಹಳೆಯ ರೂಮಿನಲ್ಲಿದ್ದೇನೆ. ಗೋಡೆಯ ಮೇಲೆ ನೀನು ಹೊಡೆದ ಮೊಳೆ ಇದೆ, ಅದಕ್ಕೆ ಮಿನತಿ ನೇತುಹಾಕಿದ್ದ ಕ್ಯಾಲೆಂಡರ್ ಇದೆ, ಏಪ್ರಿಲ್‌ಗೇ ನಿಂತಿದೆ. ಉಳಿದ ರೂಮುಗಳ ಹುಡುಗರು ಒಬ್ಬೊಬ್ಬರಾಗಿ ಖಾಲಿ ಮಾಡಿ ಚಿಕ್ಕಬಾಣಾವರದ ಕಡೆ ಹೋದರು. ಸಂಜೆ ಹೊತ್ತು ಹನುಮಯ್ಯನ ಮಿಲ್ಲಿನಲ್ಲಿ ಗೋಧಿ ಬೀಸಿಸುವವರಿಲ್ಲ. ಪರದೇಶಿಗಳು ಹೋದರಲ್ಲ, ಈಗಾದರೂ ಊರು ನಮ್ಮದಾಯಿತಾ ಎಂದು ಯಾರನ್ನಾದರೂ ಕೇಳಬೇಕೆನಿಸುತ್ತದೆ. ಕೇಳಲು ನನ್ನ ಜೊತೆ ಯಾರೂ ಮಾತಾಡುವುದಿಲ್ಲ. ನಲ್ಲಿ ಹತ್ತಿರ ನಾನು ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಾರೆ. ಮಿನತಿ ಹೋದಾಗಲೂ ಹಾಗೇ ಸರಿಯುತ್ತಿದ್ದರು. ಆಗ ನಾನೂ ಸರಿಯುತ್ತಿದ್ದೆ.

ನೀನು ಮನೆ ಹುಡುಕುತ್ತಿದ್ದೀಯ. ಇಲ್ಲಿ ರೂಮುಗಳಿವೆ ಎಂದು ಯಾವ ಬಾಯಿಯಲ್ಲಿ ಹೇಳಲಿ? ಅರೆಯುವ ಕಲ್ಲು ತೊಳೆದು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಮಿನತಿ ಒಪ್ಪಿದರೆ ನಾನೇ ಹೊತ್ತು ತರುತ್ತೇನೆ. ನನ್ನ ಮುಖ ನೋಡುವುದಿಲ್ಲ ಎಂದರೆ ಸಂಗಮೇಶಣ್ಣನನ್ನು ಕಳಿಸು. ಕ್ಷಮಿಸು ಎಂದು ಅವಳಿಗೆ ಹೇಳಬೇಡ. ಆ ಮಾತಿನಿಂದ ಅವನ ಕಾಲು ಬರುವುದಿಲ್ಲ. ಕೋರ್ಟಿನಲ್ಲಿ ಎಷ್ಟು ಸಲ ಕರೆದರೂ ಬಂದು ಇದನ್ನೇ ಹೇಳುತ್ತೇನೆ ಎಂದು ಮಾತ್ರ ಹೇಳು. ಮೆಟ್ಟಿಲಿಗೆ ಸದ್ಯಕ್ಕೆ ಒಂದು ಹಗ್ಗ ಕಟ್ಟಿದ್ದೇನೆ.

ಮೇಲಕ್ಕೆ ಬಂದ ಮೇಲೆ ನಿನ್ನೆ ಮೊದಲ ಸಲ ಸರಿಯಾಗಿ ಅಡಿಗೆ ಮಾಡಿದೆ. ಬಾಗಿಲು ಅಗಲವಾಗಿ ತೆರೆದಿಟ್ಟು ಬೇಳೆಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿಯಿತು. ಗಲ್ಲಿಯಲ್ಲಿ ಹೋಗುತ್ತಿದ್ದ ಚಿಕ್ಕಬೈರಪ್ಪ ನಿಂತು, ಜಗಲಿ ಮೇಲಿದ್ದ ಅತ್ತೆಯನ್ನು ಸುಮ್ಮನೆ ಮಾತಿಗೆ ಕೇಳಿದರು, "ಗಮ್ ಅಂತೈತಲ್ಲ, ಯಾರ್ ಮನೇದಮ್ಮ ಒಗ್ಗರಣೆ?"

ಅತ್ತೆ ಮೇಲೆ ತಲೆ ಎತ್ತಿಯೂ ನೋಡಲಿಲ್ಲ. "ನಮ್ದಲ್ಲ ಕಣಪ್ಪ. ಮೇಲಿನೋರ್ದು" ಎಂದರು.

ಆವತ್ತಿನ ಹಾಗೇ ಸೌಟು ಹಿಡಿದು ನಿಂತಿದ್ದೆ. ಈ ಸಲ ಆ ಮಾತು ನಿಜ, ಹೇಮಕ್ಕ.

ಶ್ಯಾಮಿ